ಮಾಟುಂಗದ ದುಂಡು ಬಾಲ್ಕನಿಗಳು

ಮುಂಬಯಿಯ ಮಾಟುಂಗ ಪೂರ್ವದಲ್ಲಿ ಅಂಗಡಿ ಬೋರ್ಡುಗಳಿಂದ ಸ್ವಲ್ಪ ಮೇಲೆ ನೋಡಿ. ಮೂಲೆಯಲ್ಲಿ ದುಂಡಗೆ ತಿರುಗುವ ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನಂಥ ಛಜ್ಜಾ, ಗೇಟಿನ ಕಬ್ಬಿಣದ ಗ್ರಿಲ್‌ನಲ್ಲಿ ಕಿರಣ ಚೆಲ್ಲುವ ಸೂರ್ಯ. ಇದೇ ಆರ್ಟ್ ಡೆಕೋ ಶೈಲಿ.

ಕಥೆ ಶುರುವಾಗೋದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಗೆ ಮಾರಿ ಬಡಿಯಿತು. ಇಕ್ಕಟ್ಟಿನ, ಗಾಳಿ-ಬೆಳಕಿಲ್ಲದ ಕೇರಿಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್–ಮಾಟುಂಗದಲ್ಲಿ ಅದು ಹೊಸ ಬಡಾವಣೆಯ ನಕ್ಷೆ ಎಳೆಯಿತು: ಅಗಲ ರಸ್ತೆ, ಫೈವ್ ಗಾರ್ಡನ್ಸ್, ಕಟ್ಟಡ ಕಟ್ಟಡದ ನಡುವೆ ಗಾಳಿಯಾಡುವಷ್ಟು ಜಾಗ. ಈ ದುಂಡು ಬಾಲ್ಕನಿಯ ಮನೆಗಳು ಎದ್ದದ್ದು ಇಲ್ಲೇ. ನಮ್ಮ ದಕ್ಷಿಣದವರು ಬಾಡಿಗೆಗೆ ಬಂದು ಇಲ್ಲೇ ಬೇರೂರಿದರು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರೋದೂ ಇಲ್ಲೇ, ಭಾವು ದಾಜಿ ರಸ್ತೆಯಲ್ಲಿ. 1942ರ ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಇವತ್ತಿಗೂ ಬಾಳೆ ಎಲೆ ಊಟ. (ಹಸಿದು ಹೋಗಿ!)

ಹಾಗಾದರೆ ಇಂಥ ಮನೆಗಳನ್ನು ಈಗ ಕೆಡವ್ತಿರೋದು ಯಾಕೆ? 1947ರ ಬಾಡಿಗೆ ಕಾಯ್ದೆಯಿಂದ ಬಾಡಿಗೆ ಹಳೇ ದರದಲ್ಲೇ ನಿಂತುಹೋಯಿತು. ಆ ಬಾಡಿಗೆ ದುಡ್ಡಲ್ಲಿ ಸೋರುವ ತಾರಸಿ ರಿಪೇರಿ ಆಗಲ್ಲ. ಬಿಲ್ಡರ್ ಬಂದು, ಹಳೇದನ್ನು ಕೆಡವಿ ಲಿಫ್ಟ್ ಇರುವ ಹೊಸ ಫ್ಲ್ಯಾಟ್ ಕೊಡ್ತೀನಿ ಅಂತಾನೆ. ಮಂಡಿನೋವಿನ ಅಜ್ಜಿ ಒಪ್ಪಿದರೆ ತಪ್ಪೆನ್ನಲು ನನಗಂತೂ ಬಾಯಿ ಬರಲ್ಲ.

2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದ್ದು ದಕ್ಷಿಣ ಮುಂಬಯಿಯ ಓವಲ್ ಮೈದಾನ, ಮರೀನ್ ಡ್ರೈವ್ ಕಡೆಯ ಕಟ್ಟಡಗಳಿಗೆ. ಮಾಟುಂಗ ಅದರಲ್ಲಿಲ್ಲ. ಹಾಗಂತ ಪಾರಂಪರಿಕ ಪಟ್ಟಿಗೆ ಸೇರಿಸಿದರಷ್ಟೇ ಸಾಲದು. ರಿಪೇರಿಗೆ ದುಡ್ಡು, ಹಿಂಬದಿಗೊಂದು ಲಿಫ್ಟ್, ಬಾಡಿಗೆದಾರರಿಗೂ ಪಾಲು ಬೇಕು. ಅಲ್ಲಿವರೆಗೆ, ನಿಮ್ಮ ಸೊಸೈಟಿ ಮೀಟಿಂಗ್‌ನಲ್ಲಿ ಕೆಡವೋ ಮಾತು ಬಂದರೆ, ಮೊದಲು ರಿಪೇರಿಯ ಅಂದಾಜು ಕೇಳಿ.