ಚಿಕಿತ್ಸೆಯ ಹಣ ಯಾರ ಪಾಲಿನದು?

ರೋಗಿಗೆ ಇರಬೇಕಾದ ಗುಣಗಳನ್ನು ಹೇಳುವಾಗ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಮೊದಲಿಗೆ ‘ಆಢ್ಯ’, ಎಂದರೆ ಹಣವುಳ್ಳವನಾಗಿರಬೇಕು ಎನ್ನುತ್ತಾರೆ. ಚರಕಸಂಹಿತೆಯಲ್ಲಿ ಹೇಳಿರುವ ರೋಗಿಯ ನಾಲ್ಕು ಗುಣಗಳಲ್ಲಿ ಹಣದ ಮಾತೇ ಇಲ್ಲ. ವಿದ್ಯಾರ್ಥಿಯಾಗಿದ್ದಾಗ ಎರಡನ್ನೂ ಬಾಯಿಪಾಠ ಮಾಡಿ ಮುಂದೆ ಸಾಗಿದ್ದೆ. ಗದಗ-ಬೆಟಗೇರಿಯಲ್ಲಿ ವೈದ್ಯವೃತ್ತಿಗೆ ಇಳಿದ ಮೇಲೆ ಆ ವ್ಯತ್ಯಾಸದ ಭಾರ ತಿಳಿಯಿತು.

ಮುಂಡರಗಿ ತಾಲೂಕಿನ ಒಬ್ಬ ತಾಯಿಗೆ ಹತ್ತು ವರ್ಷಗಳ ಮಧುಮೇಹ. ಮನೆಯಲ್ಲಿ ಹೊಲವಿತ್ತು, ಎತ್ತುಗಳಿದ್ದವು. ಆದರೂ ಮಾತ್ರೆ ನಿಲ್ಲಿಸಿದ್ದರು. ಕಾರಣ ಕೇಳಿದರೆ, “ನಂದೇನ್ ಉಳದೈತ್ರಿ ಡಾಕ್ಟ್ರ, ಮೊದಲ ಮೊಮ್ಮಗಳ ಲಗ್ನ ಆಗ್ಲಿ” ಎಂದರು. ಪಕ್ಕದಲ್ಲಿದ್ದ ಮಗ ತಲೆ ತಗ್ಗಿಸಿದನೇ ಹೊರತು ಅವ್ವನ ಮಾತನ್ನು ಅಲ್ಲಗಳೆಯಲಿಲ್ಲ. ಆತ ನಿರ್ದಯಿಯಲ್ಲ. ಮುಂದೆ ತಾಯಿಯ ಕಾಲು ಕೊಳೆತಾಗ ರಾತ್ರೋರಾತ್ರಿ ಹುಬ್ಬಳ್ಳಿಗೆ ಒಯ್ದು, ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿದವನೂ ಅವನೇ. ಎರಡು ಬೆರಳು ಹೋದವು. ಊರವರು ಒಳ್ಳೆಯ ಮಗನೆಂದು ಹೊಗಳಿದರು. ತಿಂಗಳು ತಿಂಗಳು ಮಾತ್ರೆ ತಂದುಕೊಟ್ಟಿದ್ದರೆ ಯಾರೂ ಹೊಗಳುತ್ತಿರಲಿಲ್ಲ.

ನಮ್ಮ ಮನೆಗಳ ಈ ಮನಸ್ಸೇ ಸಮಾಜದ, ಸರ್ಕಾರದ ವೆಚ್ಚದಲ್ಲೂ ಕಾಣುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಒಬ್ಬನ ಕಷ್ಟಕ್ಕೆ ಹತ್ತು ಜನರ ಕಾಸು ಎಂಬ ಅದೇ ಸಹಕಾರದ ನೆಲೆಯಲ್ಲಿ 2003ರಲ್ಲಿ ಯಶಸ್ವಿನಿ ಯೋಜನೆ ಬಂದಿತು. ಸಹಕಾರ ಸಂಘದ ಸದಸ್ಯರು ಆಗ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಕಾಯಿಲೆ ಬಾರದ ವರ್ಷ ‘ಹಣ ಹೋಯಿತು’ ಎಂದು ಗೊಣಗಿದವರೂ ಉಂಟು. ದಾಸೋಹಕ್ಕೆ ಜೋಳ ಕೊಟ್ಟವರು ತಾವು ಎಷ್ಟು ಸಲ ಉಂಡೆವೆಂದು ಲೆಕ್ಕ ಇಡುತ್ತಾರೆಯೇ ಎಂದು ಅವರನ್ನು ಕೇಳುತ್ತಿದ್ದೆ. 2018ರಲ್ಲಿ ನಿಂತ ಯೋಜನೆ 2022ರಲ್ಲಿ ಮತ್ತೆ ಆರಂಭವಾಯಿತು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30 ಮಾತ್ರ. ಆ ಮಗ ಸಾಲಕ್ಕೆ ಬಿದ್ದದ್ದು ಹೀಗೆ. ಈ ಯೋಜನೆಗಳ ಹಣ ಹೋಗುವುದು ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆ ಹಿಡಿದವರಿಗೇ. ಕಾಲು ಉಳಿಸುವ ಮಾತ್ರೆಯ ಹೊಣೆ ಮನೆಯದೇ. ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ, ನಿಜ. ಆದರೆ ಮುದುಕಿಯನ್ನು ಅಲ್ಲಿಗೆ ಕರೆದೊಯ್ಯಲು ಮನೆಯವರೊಬ್ಬರು ಒಂದು ದಿನದ ಕೆಲಸ ಬಿಡಬೇಕಲ್ಲ!

ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬರುವ ಭಕ್ತರಲ್ಲಿ ಒಂದು ವಿನಂತಿ. ಜಾತ್ರೆಯ ಕಾಣಿಕೆ ಎತ್ತಿಡುವ ದಿನವೇ ಮನೆಯ ಹಿರಿಯರ ಮಾತ್ರೆಯ ಡಬ್ಬಿಯನ್ನೂ ತೆರೆದು ನೋಡಿರಿ. ಕಷಾಯ ಕುಡಿಯುತ್ತೇವೆಂದು ಮಾತ್ರೆ ಬಿಟ್ಟಿದ್ದರೆ ಬಿಡಬಾರದೆಂದು ತಿಳಿಹೇಳಿರಿ. ಆಯುರ್ವೇದದವನಾದ ನಾನೇ ಹೇಳಿದೆನೆಂದು ಹೇಳಿರಿ.