ಬಾವಿ ಒಂದು, ಪಾಳಿ ಹತ್ತು

ಬೀದರ್ ಜಿಲ್ಲೆಯ ಎಕಂಬಾದಂಥ ಊರುಗಳಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಬಹುದು, ಬಾವಿಯನ್ನು ಕಡಿದು ಹಂಚಿಕೊಳ್ಳಲಾಗದು. ಹಾಗಾಗಿ ನೀರಿಗೆ ಪಾಳಿ ಹಚ್ಚುತ್ತಾರೆ. ತನ್ನ ಪಾಳಿಯ ಹೊತ್ತಿನಲ್ಲಿ ಪ್ರತಿಯೊಬ್ಬನಿಗೂ ಇಡೀ ಬಾವಿ ತನ್ನದೇ. ಕಂಪ್ಯೂಟರ್ ಲೋಕದಲ್ಲೂ ಇಂಥದೇ ಏರ್ಪಾಟಿದೆ ಎಂದರೆ ಅಚ್ಚರಿಯಾದೀತು. ಒಂದೇ ಯಂತ್ರವನ್ನು ಹತ್ತು ಯಂತ್ರಗಳಂತೆ ದುಡಿಸುವ ಈ ವಿದ್ಯೆಯ ಹೆಸರು ವರ್ಚುಯಲೈಸೇಷನ್. ಪಾಳಿ ಹಚ್ಚುವ ಹಿರಿಯನ ಕೆಲಸ ಮಾಡುವ ತಂತ್ರಾಂಶವೇ ಹೈಪರ್‌ವೈಸರ್. ಅದರ ಕೈಕೆಳಗೆ ಓಡುವ ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಯೂ ಇಡೀ ಯಂತ್ರ ತನ್ನದೇ ಎಂದು ನಂಬಿರುತ್ತದೆ.

ವಿದ್ಯೆ ಹಳೆಯದು

ಇದು ಇತ್ತೀಚಿನ ಕಲ್ಪನೆಯೇನೂ ಅಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲಿಯೇ ಇದನ್ನು ತನ್ನ ದೈತ್ಯ ಯಂತ್ರಗಳಲ್ಲಿ ಸಾಧಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಯಂತ್ರದಲ್ಲಿ ಯಾವ ಗುಣಗಳಿರಬೇಕೆಂದು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ವಿವರಿಸಿದರು. ನಮ್ಮ ಮೇಜಿನ ಮೇಲಿನ ಇಂಟೆಲ್ ಮಾದರಿಯ ಪ್ರೊಸೆಸರುಗಳಿಗೆ ಆ ಗುಣ ಬಹುಕಾಲ ಇರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುವ ಜಾಣ್ಮೆಯಿಂದ ಈ ಕೊರತೆ ದಾಟಿತು. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಸೆನ್ ಬೇರೆ ದಾರಿ ಹಿಡಿದು, ಅತಿಥಿ ವ್ಯವಸ್ಥೆಯನ್ನೇ ತುಸು ತಿದ್ದಿತು. 2005–06ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರಿನೊಳಗೇ ಬೇಕಾದ ಸೌಲಭ್ಯ ಇಟ್ಟಾಗ ದಾರಿ ಸುಗಮವಾಯಿತು.

ಆ ಬಳಿಕ ಮುಕ್ತ ತಂತ್ರಾಂಶಗಳ ಮನೆಮನೆಯಲ್ಲೂ ಹೈಪರ್‌ವೈಸರ್ ಹುಟ್ಟಿತು. 2007ರ ಫೆಬ್ರವರಿಯಲ್ಲಿ ಲಿನಕ್ಸ್‌ನೊಳಗೆ ಕೆವಿಎಂ ಸೇರಿತು. ಫ್ರೀಬಿಎಸ್‌ಡಿ 2014ರಲ್ಲಿ ಬಿಹೈವ್ ತಂದಿತು. ನೆಟ್‌ಬಿಎಸ್‌ಡಿ 2020ರಲ್ಲಿ ಎನ್‌ವಿಎಂಎಂ ಕೊಟ್ಟಿತು. ಓಪನ್‌ಬಿಎಸ್‌ಡಿಗೆ ತನ್ನದೇ ವಿಎಂಎಂ ಉಂಟು. ಮನೆ ಬೇರೆಯಾದರೂ ಅತಿಥಿಗಳ ಜೊತೆ ಮಾತಾಡಲು ವರ್ಟಿಯೋ ಎಂಬ ಸಮಾನ ಭಾಷೆ ಇದೆ. ಡಿಸ್ಕು, ಜಾಲಗಳ ವ್ಯವಹಾರ ಅದರಲ್ಲೇ ನಡೆಯುವುದರಿಂದ, ಒಂದು ಮನೆಯ ಅತಿಥಿ ಇನ್ನೊಂದು ಮನೆಗೆ ಹೋದರೂ ತಬ್ಬಿಬ್ಬಾಗುವುದು ಕಡಿಮೆ.

ಕೀಲಿ ಕಿಸೆಯಲ್ಲಿ, ಮಾಲೀಕ ನಿದ್ದೆಯಲ್ಲಿ

ಪಾಳಿ ಪದ್ಧತಿಗೆ ತನ್ನದೇ ತಾಪತ್ರಯವೂ ಇದೆ. ಪಂಪಿನ ಕೋಣೆಯ ಕೀಲಿ ಹಿಡಿದವನು, ಪಾಳಿ ಮುಗಿದೊಡನೆ ಕೀಲಿ ಕಿಸೆಯಲ್ಲಿಟ್ಟುಕೊಂಡೇ ಮಲಗಿಬಿಟ್ಟನೆನ್ನಿ. ಉಳಿದವರು ಬಾಗಿಲ ಮುಂದೆ ನಿಂತು ತಮ್ಮ ಪಾಳಿಯ ಹೊತ್ತನ್ನು ವ್ಯರ್ಥ ಕಳೆಯಬೇಕು. ಲಿನಕ್ಸ್‌ನಲ್ಲಿ ಆಗ ಬಳಕೆಯಲ್ಲಿದ್ದುದು ಟೋಕನ್ ಬೀಗ. ರೇಷನ್ ಅಂಗಡಿಯಂತೆ ಸಂಖ್ಯೆ ಕರೆದವರಿಗೇ ಕೀಲಿ. ಏಳನೆಯವನು ಮಲಗಿದ್ದರೆ ಎಚ್ಚರವಿರುವ ಎಂಟನೆಯವನೂ ಕಾಯಲೇಬೇಕು. ಅತಿಥಿ ಯಂತ್ರಗಳು ಹೆಚ್ಚಾದಂತೆ ಪ್ರೊಸೆಸರಿನ ಶಕ್ತಿ ಈ ಕಾಯುವಿಕೆಯಲ್ಲೇ ಸೋರಿಹೋಗುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಮೊದಲು ಕ್ಸೆನ್‌ಗಾಗಿ ಮೂಡಿದ್ದ ಒಂದು ಉಪಾಯವನ್ನು ಐಬಿಎಂನ ಬೆಂಗಳೂರು ಲಿನಕ್ಸ್ ಕೇಂದ್ರದ ತಂತ್ರಜ್ಞರು ಕೆವಿಎಂಗೆ ಹೊಂದಿಸಿದರು. ಉಪಾಯ ಸರಳ: ಸ್ವಲ್ಪ ಹೊತ್ತು ಕಾದು ನೋಡು; ಸಿಗದಿದ್ದರೆ ಮಲಗು, ನಿನ್ನ ಹೊತ್ತು ಬೇರೆಯವರಿಗೆ ಸಿಗಲಿ; ಬೀಗ ಬಿಡುವವನು ಮುಂದಿನ ಟೋಕನ್ನಿನವನನ್ನು ಎಬ್ಬಿಸುವಂತೆ ಹೈಪರ್‌ವೈಸರಿಗೆ ಹೇಳಲಿ. ಹಲವು ಸಲ ತಿದ್ದುಪಡಿಗೊಂಡ ಈ ಕೆಲಸ 2013ರಲ್ಲಿ ಲಿನಕ್ಸ್ 3.12ರಲ್ಲಿ ಸೇರಿತು. 2015ರಲ್ಲಿ ಟೋಕನ್ ಬೀಗದ ಜಾಗಕ್ಕೆ ಸರದಿ ಬೀಗ ಬಂದರೂ ಮಲಗಿಸಿ ಎಬ್ಬಿಸುವ ತತ್ವ ಉಳಿದುಕೊಂಡಿತು. ಅಂದು ಇಲ್ಲಿ ಮಾಡಿದ ಕೆಲಸ, ಕೆವಿಎಂ ಬಳಸುವ ಜಗತ್ತಿನ ಯಾರಿಗಾದರೂ ಕಾಸಿಲ್ಲದೆ ದಕ್ಕಿತು.

ಬಾವಿಯ ಹಕ್ಕು ಯಾರದು?

ಕಾಸಿನ ಮಾತು ಇಲ್ಲಿ ಮುಖ್ಯ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕೊಟ್ಟು ಸದಾಕಾಲ ಬಳಸುವ ಪರವಾನಗಿಯ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಯನ್ನಷ್ಟೇ ಉಳಿಸಿತು. ಹಳೆಯ ಗಿರಾಕಿಗಳು ಹೊಸ ಲೆಕ್ಕ ಹಾಕಬೇಕಾಯಿತು. ಬಾವಿಯ ಪಾಳಿ ಹಚ್ಚುವವನು ಒಬ್ಬನೇ ಆಗಿ, ಅವನು ದರ ಬದಲಿಸಿದರೆ ಹೊಲದವನ ಗತಿ ಏನು ಎಂಬ ಪ್ರಶ್ನೆ ಇದು. ಮುಕ್ತ ಹೈಪರ್‌ವೈಸರ್ ಪೂರ್ತಿ ಪುಕ್ಕಟೆ ಎನ್ನುವಂತಿಲ್ಲ. ಅದನ್ನು ನಡೆಸಲು ನುರಿತವರು ಬೇಕು, ಅವರಿಗೆ ಸಂಬಳ ಬೇಕು. ಆದರೆ ಆ ನುರಿತವರನ್ನು ನಾವೇ ತಯಾರು ಮಾಡಿಕೊಳ್ಳಬಹುದು.

ಇದಕ್ಕೆ ದತ್ತಾಂಶ ಕೇಂದ್ರದ ಬಾಗಿಲಿಗೇ ಹೋಗಬೇಕೆಂದಿಲ್ಲ. ಔರಾದ ಅಥವಾ ಭಾಲ್ಕಿಯ ವಿದ್ಯಾರ್ಥಿ ಲಿನಕ್ಸ್ ಇರುವ ಇಂಟೆಲ್ ಯಂತ್ರದ ಪ್ರೊಸೆಸರ್ ವಿವರದಲ್ಲಿ ‘ವಿಎಂಎಕ್ಸ್’ ಎಂಬ ಗುರುತನ್ನೋ, ಎಎಂಡಿ ಯಂತ್ರದಲ್ಲಿ ‘ಎಸ್‌ವಿಎಂ’ ಎಂಬುದನ್ನೋ ಹುಡುಕಲಿ. ಅದು ಕಂಡರೆ ಆ ಯಂತ್ರದಲ್ಲಿಯೇ ಇನ್ನೆರಡು ಯಂತ್ರ ಹುಟ್ಟಿಸಬಹುದು. ಪ್ರಯೋಗ ಕೆಟ್ಟರೆ ಅತಿಥಿಯನ್ನು ಅಳಿಸಿ ಮತ್ತೆ ಹುಟ್ಟಿಸಿದರಾಯಿತು. ಮೂಲ ಯಂತ್ರಕ್ಕೆ ಧಕ್ಕೆಯಿಲ್ಲ. ಒಂದೇ ಕಂಪ್ಯೂಟರಿರುವ ಶಾಲೆಗೆ ಇದಕ್ಕಿಂತ ಅಗ್ಗದ ಪ್ರಯೋಗಾಲಯ ಸಿಗುವುದು ಕಷ್ಟ.