ಮೊಮೊ ಒಳಗೂ ಬೆಂದಿದೆಯೇ?

ತರೀಕೆರೆ ಕಡೆಯ ದಂಪತಿ ಹತ್ತು ವರ್ಷದ ಮಗನನ್ನು ಕರೆತಂದಿದ್ದರು. ಬೆಂಗಳೂರಿನ ನೇಪಾಳಿ ಹೋಟೆಲೊಂದರಲ್ಲಿ ಉಂಡ ಮರುದಿನದಿಂದ ವಾಂತಿ, ಭೇದಿ, ಜ್ವರ. “ಹಬೆಯಲ್ಲಿ ಬೇಯಿಸಿದ ಮೊಮೊ ಡಾಕ್ಟ್ರೇ, ನಮ್ಮ ಕಡುಬಿನ ಹಾಗೇ ಅಲ್ವಾ?” ಎಂದರು ತಾಯಿ.

ಹೋಲಿಕೆ ಸರಿ. ಆದರೆ ಕಡುಬು ಅಕ್ಕಿಯದು. ಮೊಮೊ ಮೈದಾದ್ದು, ಒಳಗೆ ಕೊಚ್ಚಿದ ಕೋಳಿಮಾಂಸ. ಕೊಚ್ಚುವಾಗ ಮೇಲಿನ ರೋಗಾಣು ಮಾಂಸಕ್ಕೆಲ್ಲ ಬೆರೆಯುತ್ತದೆ. ಹೊರಗಿನ ಹಾಳೆ ಬೇಗ ಬೇಯುತ್ತದೆ, ಒಳಗಿನ ಮಾಂಸ ತಡವಾಗಿ. ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮುರಿದು ನೋಡಿ, ಮಾಂಸ ಕೆಂಪಗಿದ್ದರೆ ಅಥವಾ ಉಗುರುಬೆಚ್ಚಗಿದ್ದರೆ ಹಿಂದಿರುಗಿಸಿ. ಹೋಟೆಲಿನ ಅಲಂಕಾರ ಕಂಡು ಸಂಕೋಚ ಬೇಡ.

ಜೊತೆಗೆ ಕೊಡುವ ಮಯೋನೀಸ್ ಹಸಿಮೊಟ್ಟೆಯದಾದರೆ ಸಾಲ್ಮೊನೆಲ್ಲಾ ಸೋಂಕಿನ ಭಯ. 2024ರ ಅಕ್ಟೋಬರಿನಲ್ಲಿ ತೆಲಂಗಾಣ ಸರ್ಕಾರ ಅಂಥ ಮಯೋನೀಸನ್ನು ಒಂದು ವರ್ಷ ನಿಷೇಧಿಸಿತ್ತು.

ಹಾಗೆಂದು ನೇಪಾಳಿ ಊಟವನ್ನೇ ದೂರಬೇಡಿ. ಅವರ ನಿತ್ಯದ ‘ದಾಲ್ ಭಾತ್’ ಎಂದರೆ ಅನ್ನ, ಬೇಳೆಸಾರು, ಪಲ್ಯ. ‘ಢಿಂಡೊ’ ಎಂಬುದು ರಾಗಿ ಅಥವಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕಡೂರು, ಅಜ್ಜಂಪುರದವರಿಗೆ ನೆಂಟನಂಥದ್ದೇ. ಸಿಕ್ಕಿದರೆ ಬಿಸಿಬಿಸಿಯಾಗಿ ಅದನ್ನೇ ತರಿಸಿಕೊಳ್ಳಿ. ಕರಿದ ಮೊಮೊಗಿಂತ ಹಬೆಯದು ಲೇಸು.

ಭೇದಿ ಶುರುವಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ವಿಪರೀತ ಜ್ವರ, ಮಂಪರು ಅಥವಾ ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಬೇಡಿ.

ಆ ಹುಡುಗನ ಕಾಯಿಲೆಗೆ ಮೊಮೊವೇ ಕಾರಣವೆಂದು ಪರೀಕ್ಷೆಯಿಲ್ಲದೆ ನಾನು ಹೇಳಲಾರೆ. ಮೂರನೆಯ ದಿನ ಚೇತರಿಸಿಕೊಂಡು ಅವನು ಕೇಳಿದ ಮೊದಲ ಪ್ರಶ್ನೆ: “ಮತ್ತೆ ಮೊಮೊ ತಿನ್ನಬಹುದಾ?” ತಿನ್ನಬಹುದು ಮರಿ, ಮೊದಲು ಮುರಿದು ನೋಡು ಎಂದೆ.